ಕೆನಡಾದಲ್ಲಿ ಕೃಷಿ ಕೆಲಸ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ, ನಲವತ್ತು ದಾಟಿದವರು ದಯವಿಟ್ಟು ಇದನ್ನು ಓದಿ

ನನಗೀಗ ನಲವತ್ತೇಳು ವರ್ಷ. ಈ ವಯಸ್ಸಿನಲ್ಲಿ ಮೋಸಹೋದೆನೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನಿಂದ ಹಣ ಕಿತ್ತ ಏಜೆಂಟನ ಜಾಹೀರಾತು ಇಂದು ಬೆಳಗ್ಗೆಯೂ ನನ್ನ ಫೋನಿನಲ್ಲಿ ಕಾಣಿಸಿಕೊಂಡಿತು, ಮತ್ತು ಅದರಲ್ಲಿ ನನ್ನನ್ನು ಕೆಡವಿದ ಅದೇ ಸಾಲು ಇತ್ತು: 'ವಯಸ್ಸಿನ ಮಿತಿ ಇಲ್ಲ.'

ಆ ಸಾಲು ಸುಳ್ಳಲ್ಲ ಎಂಬುದೇ ಇದರಲ್ಲಿನ ಕುತಂತ್ರ. ಆಸ್ಟ್ರೇಲಿಯಾದಲ್ಲಿ ಸುತ್ತಾಡುತ್ತಾ ಕೆಲಸವನ್ನೂ ಮಾಡಬಹುದಾದ ವರ್ಕಿಂಗ್ ಹಾಲಿಡೇ ವೀಸಾ 18ರಿಂದ 30 ವರ್ಷದವರಿಗೆ, ಕೆಲವು ದೇಶಗಳವರಿಗೆ ಮಾತ್ರ 35ರವರೆಗೆ. ಕೆನಡಾದ ಕೃಷಿ ವಿಭಾಗದ ವರ್ಕ್ ಪರ್ಮಿಟ್‌ಗೆ ಅಂಥ ಗರಿಷ್ಠ ವಯೋಮಿತಿಯೇನೂ ಇಲ್ಲ. ಎಲ್ಲಿ ಹೋದರೂ ವಯಸ್ಸಾಯಿತು ಎಂದು ಕೇಳಿ ಕೇಳಿ ಬೇಸತ್ತಿದ್ದ ನಾನು ಇದೊಂದನ್ನು ನಾನೇ ಹುಡುಕಿ ನೋಡಿದೆ, ನಿಜವೆಂದು ಕಂಡಿತು, ಆಮೇಲೆ ಆತ ಹೇಳಿದ ಉಳಿದ ಯಾವುದನ್ನೂ ಹುಡುಕಿ ನೋಡುವ ಗೋಜಿಗೆ ಹೋಗಲಿಲ್ಲ.

ಉಳಿದದ್ದು ಹೀಗಿತ್ತು: ಎರಡು ವರ್ಷ ಆಂಟೇರಿಯೊದ ಲೀಮಿಂಗ್ಟನ್ ಎಂಬಲ್ಲಿ ಗ್ರೀನ್‌ಹೌಸ್‌ನಲ್ಲಿ ಟೊಮೆಟೊ ಕೊಯ್ಯುವ ಕೆಲಸ, ಹೆಂಡತಿಗೆ ಯಾವ ಮಾಲೀಕನ ಬಳಿಯಾದರೂ ದುಡಿಯಬಹುದಾದ ಓಪನ್ ವರ್ಕ್ ಪರ್ಮಿಟ್, ಮೂರನೆಯ ವರ್ಷ ಇಡೀ ಕುಟುಂಬಕ್ಕೆ ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ. ನಾನು ಮೊದಲ ಕಂತು ಕಟ್ಟಿದ್ದು 2025ರ ಜೂನ್‌ನಲ್ಲಿ. ಕೃಷಿ ಕೆಲಸಗಾರರಿಗೆ ಪಿಆರ್ ಕೊಡಲೆಂದು 2020ರಲ್ಲಿ ಆರಂಭಿಸಿದ್ದ ಅಗ್ರಿ-ಫುಡ್ ಪೈಲಟ್ ಯೋಜನೆ ಅದಕ್ಕೆ ಒಂದು ತಿಂಗಳು ಮೊದಲೇ ಮುಗಿದಿತ್ತು. ಇಂಥ ಕೂಲಿ ಕೆಲಸದವರ ಪತಿ ಅಥವಾ ಪತ್ನಿಗೆ ಓಪನ್ ವರ್ಕ್ ಪರ್ಮಿಟ್ ಸಿಗದಂತೆ ಜನವರಿಯಲ್ಲೇ ನಿಯಮ ಬದಲಾಗಿತ್ತು. ಅಂಕಗಳ ಆಧಾರದ ಮೇಲೆ ಪಿಆರ್‌ಗೆ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಾದರೆ ಕೊಯ್ಲಿನ ಕೆಲಸ ಲೆಕ್ಕಕ್ಕೇ ಬರುವುದಿಲ್ಲ, ಮತ್ತು 45 ತುಂಬಿದವರಿಗೆ ವಯಸ್ಸಿನ ಅಂಕ ಸೊನ್ನೆ. ಇಷ್ಟೆಲ್ಲ ಕೆನಡಾ ಸರ್ಕಾರದ ಜಾಲತಾಣದಲ್ಲಿ ಬರೆದಿಟ್ಟಿದೆ; ಓದಬೇಕಾದವನು ನಾನು, ಓದಲಿಲ್ಲ.

ಮೊದಲ ಕಂತು ಒಂದು ಸಾವಿರ ಕೆನಡಾ ಡಾಲರ್, 'ಎಲ್‌ಎಂಐಎ ಶುಲ್ಕ'ದ ಹೆಸರಿನಲ್ಲಿ. ಸ್ಥಳೀಯರು ಸಿಗದಿದ್ದಾಗ ಹೊರಗಿನವರನ್ನು ಕರೆಸಿಕೊಳ್ಳಲು ಅಲ್ಲಿನ ಮಾಲೀಕ ಸರ್ಕಾರದಿಂದ ಪಡೆಯಬೇಕಾದ ಪತ್ರವೇ ಎಲ್‌ಎಂಐಎ. ಅದರ ಶುಲ್ಕ ಒಂದು ಸಾವಿರ ಡಾಲರ್ ಎನ್ನುವುದು ಸರಿಯೇ, ಆದರೆ ಅದನ್ನು ಕಟ್ಟಬೇಕಾದವನು ಮಾಲೀಕ, ಕೆಲಸಗಾರನಿಂದ ಅದನ್ನು ವಸೂಲು ಮಾಡುವಂತಿಲ್ಲ. ಅಷ್ಟೇ ಅಲ್ಲ, ಹೊಲ, ತೋಟ, ಗ್ರೀನ್‌ಹೌಸ್‌ಗಳ ಪ್ರಾಥಮಿಕ ಕೃಷಿ ಕೆಲಸಕ್ಕೆ ಮಾಲೀಕನಿಗೂ ಆ ಶುಲ್ಕದಿಂದ ವಿನಾಯಿತಿ ಇದೆ. ಅಂದರೆ ಇಲ್ಲದ ಶುಲ್ಕ. ಮತ್ತೊಮ್ಮೆ ಹೇಳುತ್ತೇನೆ, ಯಾರೂ ಯಾರಿಗೂ ಕಟ್ಟಬೇಕಿಲ್ಲದ ಶುಲ್ಕವನ್ನು ನಾನು ಕಟ್ಟಿ, ರಸೀದಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಬಂದೆ.

ಆಗಸ್ಟ್‌ನಲ್ಲಿ ಆ ಎಲ್‌ಎಂಐಎ ಪತ್ರ ಬಂತು. ಮೇಲೆ ಕೆಂಪು ಮೇಪಲ್ ಎಲೆಯ ಗುರುತು, ಕೆಳಗೆ ಸಹಿ, ನಡುವೆ ನನ್ನ ಹೆಸರು. ಅದನ್ನು ಬಣ್ಣದ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮನೆಗೆ ಬಂದವರಿಗೆಲ್ಲ ತೋರಿಸಿದೆ. ಎರಡನೆಯ ಕಂತು ಕಟ್ಟಿದೆ, 'ರೂಮಿನ ಅಡ್ವಾನ್ಸ್' ಎಂದು ಮೂರನೆಯದನ್ನೂ ಕಟ್ಟಿದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ನೀರು ಒಳಗಿಳಿಯದ ಮೊಣಕಾಲೆತ್ತರದ ಬೂಟು ತಂದು, ಅಭ್ಯಾಸವಾಗಲೆಂದು ಮನೆಯೊಳಗೇ ಹಾಕಿಕೊಂಡು ಓಡಾಡಿದೆ. ಬೇರೆ ಎಲ್ಲದಕ್ಕಿಂತ ಹೆಚ್ಚಾಗಿ ಆ ಬೂಟಿನ ನೆನಪೇ ನನ್ನನ್ನು ಈಗ ಹಿಂಡುತ್ತದೆ.

ಮೋಸ ಸಿಕ್ಕಿಬಿದ್ದದ್ದು ಒಂದು ಸಂಖ್ಯೆಯಿಂದ. ವೀಸಾ ಅಧಿಕಾರಿ ಕೇಳಿದರೆ ಹೇಳಲು ಬರಬೇಕೆಂದು ಪತ್ರದಲ್ಲಿದ್ದ ಹುದ್ದೆಯ ಕೋಡ್ ಅನ್ನು ಬಾಯಿಪಾಠ ಮಾಡುತ್ತಾ ಕುಳಿತಿದ್ದೆ: 8432. ಅದರ ವಿವರ ನೋಡೋಣವೆಂದು ಸರ್ಕಾರದ ಪಟ್ಟಿ ತೆರೆದರೆ, ಅಲ್ಲಿ ಎಲ್ಲ ಕೋಡ್‌ಗಳೂ ಐದಂಕಿಯವು. ಗ್ರೀನ್‌ಹೌಸ್ ಕೂಲಿಯದು 85103. ನಾಲ್ಕಂಕಿಯ ಹಳೆಯ ಕೋಡ್‌ಗಳನ್ನು ವಲಸೆ ಇಲಾಖೆ 2022ರ ನವೆಂಬರ್‌ನಲ್ಲೇ ಕೈಬಿಟ್ಟಿತ್ತು. 2025ರ ಆಗಸ್ಟ್ ತಾರೀಕಿನ ಸರ್ಕಾರಿ ಪತ್ರದಲ್ಲಿ ಮೂರು ವರ್ಷ ಹಳೆಯ ಕೋಡ್ ಹೇಗೆ ಬಂತು ಎಂದು ಯೋಚಿಸುತ್ತಿದ್ದಂತೆ ಕೈಕಾಲು ತಣ್ಣಗಾಗತೊಡಗಿತು. ಪತ್ರದಲ್ಲಿದ್ದ ನಂಬರನ್ನು ಬಿಟ್ಟು, ಆ ಗ್ರೀನ್‌ಹೌಸ್‌ನವರ ಸ್ವಂತ ಜಾಲತಾಣದಲ್ಲಿದ್ದ ನಂಬರಿಗೆ ರಾತ್ರಿಯೇ ಕರೆ ಮಾಡಿದೆ. ಫೋನ್ ಎತ್ತಿಕೊಂಡ ಹೆಂಗಸು ನನ್ನ ಮಾತನ್ನು ಪೂರ್ತಿ ಕೇಳಿ, ಹೀಗೆ ವಿಚಾರಿಸುತ್ತಿರುವವರಲ್ಲಿ ನೀವು ಈ ತಿಂಗಳು ನಾಲ್ಕನೆಯವರು, ದಯವಿಟ್ಟು ವಿಮಾನ ಹತ್ತಬೇಡಿ ಎಂದರು. ಅವರ ದನಿಯಲ್ಲಿದ್ದ ಕನಿಕರವನ್ನು ಸಹಿಸುವುದು ಕಷ್ಟವಾಯಿತು.

ಮರುದಿನ ಏಜೆಂಟನನ್ನು ಕೇಳಿದೆ. 'ಅದು ಟೈಪಿಂಗ್ ಮಿಸ್ಟೇಕ್ ಸರ್, ಹೊಸ ಪತ್ರ ಬರುತ್ತದೆ' ಎಂದ. ಗ್ರೀನ್‌ಹೌಸ್‌ಗೇ ಕರೆ ಮಾಡಿದ್ದೆ ಎಂದಾಗ, 'ನಮ್ಮನ್ನು ಕೇಳದೆ ಯಾಕೆ ಮಾಡಿದಿರಿ, ಈಗ ಮಾಲೀಕರಿಗೆ ಬೇಜಾರಾಗಿದೆ, ನಿಮ್ಮ ಫೈಲ್ ನೀವೇ ಹಾಳು ಮಾಡಿಕೊಂಡಿರಿ' ಎಂದು ನನ್ನನ್ನೇ ಗದರಿದ. ಎರಡು ದಿನದ ನಂತರ ತಾನಾಗಿ ಕರೆ ಮಾಡಿ, ವಿಸಿಟರ್ ವೀಸಾದಲ್ಲಿ ಹೋಗಿಬಿಡಿ, ಅಲ್ಲಿಗೆ ಇಳಿದ ಮೇಲೆ ವರ್ಕ್ ಪರ್ಮಿಟ್‌ಗೆ ಬದಲಾಯಿಸಿಕೊಳ್ಳೋಣ ಎಂದು ಬಣ್ಣಿಸಿದ. ಕೋವಿಡ್ ಕಾಲದ ಆ ಸವಲತ್ತು 2024ರ ಆಗಸ್ಟ್ 28ಕ್ಕೇ ರದ್ದಾಗಿದೆ. ನಕಲಿ ಪತ್ರ ಲಗತ್ತಿಸಿ ಅರ್ಜಿ ಹಾಕಿ ಸಿಕ್ಕಿಬಿದ್ದರೆ ಐದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ, ಮತ್ತು ಆ ಶಿಕ್ಷೆ ಅರ್ಜಿದಾರನಿಗೆ. ಕೊನೆಗೆ ಹಣ ವಾಪಸ್ ಕೇಳಿದಾಗ ಆತ ಹೇಳಿದ್ದನ್ನು ಅಕ್ಷರಶಃ ಬರೆಯುತ್ತೇನೆ: 'ಈ ವಯಸ್ಸಿನಲ್ಲಿ ನಿಮಗೆ ಅಲ್ಲಿ ಯಾರು ಸರ್ ಕೆಲಸ ಕೊಡುತ್ತಾರೆ? ನಾವು ಪ್ರಯತ್ನವಾದರೂ ಮಾಡಿದೆವು.' ವಯಸ್ಸಿನ ಮಿತಿ ಇಲ್ಲ ಎಂದವನೇ ಇವನು!

ಹೋಗಲೇಬೇಕೆನ್ನುವವರಿಗೆ ನನ್ನಿಂದಾದಷ್ಟು ಹೇಳುತ್ತೇನೆ. ಹಣ ಪಡೆದು ಕೆನಡಾ ವಲಸೆಯ ಸಲಹೆ ಕೊಡುವವರು ಕೆನಡಾದ ವಕೀಲರಾಗಿರಬೇಕು, ಇಲ್ಲವೇ ಅಲ್ಲಿನ ಇಮಿಗ್ರೇಷನ್ ಕನ್ಸಲ್ಟೆಂಟ್‌ಗಳ 'ಕಾಲೇಜು' ಎಂಬ ನಿಯಂತ್ರಕ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಪಟ್ಟಿ ಸಾರ್ವಜನಿಕವಾಗಿದೆ, ಆದರೆ ನೋಂದಣಿ ನಂಬರ್ ಇದೆಯೆಂದು ಸುಮ್ಮನಾಗಬೇಡಿ. ನಮ್ಮ ಏಜೆಂಟ್ ಕೊಟ್ಟಿದ್ದ ನಂಬರ್ ಪಟ್ಟಿಯಲ್ಲಿ ಇತ್ತು, ಹೆಸರು ಮಾತ್ರ ಬೇರೆಯವರದಾಗಿತ್ತು. ಕೃಷಿ ವಿಭಾಗದಲ್ಲಿ ಹೋಗಿಬರುವ ಪ್ರಯಾಣದ ವೆಚ್ಚ ಮಾಲೀಕನದು, ಅವನು ಕೊಡುವ ವಸತಿಗೆ ಸಂಬಳದಿಂದ ಹಿಡಿಯಬಹುದಾದದ್ದು ವಾರಕ್ಕೆ ಹೆಚ್ಚೆಂದರೆ 30 ಡಾಲರ್. ಟಿಕೆಟ್ಟಿಗೂ ರೂಮಿಗೂ ಮುಂಗಡ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ರಸೀದಿಯನ್ನೂ ಓದಿ. ದೂರು ಕೊಡಲು ಹೋದಾಗಲೇ ನಾನು ನನ್ನ ಮೂರು ರಸೀದಿಗಳನ್ನು ಸರಿಯಾಗಿ ನೋಡಿದ್ದು. ಎಲ್‌ಎಂಐಎ ಎಂದು ಒಂದರಲ್ಲೂ ಇಲ್ಲ, ಕೆನಡಾ ಎಂದೂ ಇಲ್ಲ. ಮೂರರಲ್ಲೂ 'ಇಂಗ್ಲಿಷ್ ತರಬೇತಿ ಶುಲ್ಕ, ಮರುಪಾವತಿ ಇಲ್ಲ' ಎಂದು ಬರೆದಿದೆ, ಕೆಳಗೆ ನನ್ನದೇ ಸಹಿ ಇದೆ.