ಶೇಕಡ 2.3ರಷ್ಟು ಅನ್ಯಗ್ರಹದವಳ ತಕರಾರು

ವರದಿ ಬಂದ ದಿನ ತಮ್ಮ ಫೋನ್ ಮಾಡಿ, "ಅಕ್ಕ, ನೀನು ಶೇಕಡ 2.3ರಷ್ಟು ಈ ಭೂಮಿಯವಳೇ ಅಲ್ಲವಂತೆ!" ಎಂದ. ಅವನಿಗೆ ನೌಕರಿ ಸಿಕ್ಕ ದಿನವೂ ಆ ದನಿಯಲ್ಲಿ ಅಷ್ಟು ಸಂಭ್ರಮ ಕೇಳಿದ ನೆನಪಿಲ್ಲ. ಎಂಜಲಿನಿಂದ ವಂಶ ಹೇಳುವ ಡಿಎನ್‌ಎ ಪರೀಕ್ಷೆಯ ಡಬ್ಬಿಯನ್ನು ತರಿಸಿಕೊಟ್ಟವನು ಅವನೇ. ಖಾತೆ ಅವನ ಹೆಸರಿನಲ್ಲಿದ್ದುದರಿಂದ ನನ್ನ ವಂಶದ ಗುಟ್ಟು ನನಗಿಂತ ಮೊದಲು ಅವನಿಗೆ ತಿಳಿಯಿತು. ಈ ಸೇವೆಯ ಬಗ್ಗೆ ನನ್ನ ಮೊದಲ ತಕರಾರು ಅದು. ಎಂಜಲು ಯಾರದೋ ಅವರಿಗೇ ವರದಿ ಮೊದಲು ಹೋಗಬೇಕು.

ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇಂಥ ಹೆಸರುಗಳು ಬದಲಾಗುತ್ತಲೇ ಇರುತ್ತವೆ, ಸರಕು ಮಾತ್ರ ಅದೇ. ಎಂಜಲಿನ ಮಾದರಿ ಕಳುಹಿಸಿದರೆ ಅವರು ಮೂರು ಭಾಗಗಳ ವರದಿ ಕೊಡುತ್ತಾರೆ. ನೀವು ಯಾವ ಪ್ರದೇಶಗಳ ಜನರಿಗೆ ಹತ್ತಿರ ಎಂಬುದು ಒಂದು, ಯಾವ ಪ್ರಾಚೀನ ಅಸ್ಥಿಪಂಜರಗಳಿಗೆ ಹತ್ತಿರ ಎಂಬುದು ಇನ್ನೊಂದು. ಮೂರನೆಯದಕ್ಕೆ "ತಾರಾಮೂಲ" ಎಂದು ಹೆಸರು. ತಮ್ಮ ದುಡ್ಡು ಕೊಟ್ಟದ್ದು ಆ ಮೂರನೆಯದಕ್ಕಾಗಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಡಬ್ಬಿ ಅಚ್ಚುಕಟ್ಟಾಗಿತ್ತು. ನಳಿಕೆ, ಮುಚ್ಚಳದೊಳಗೆ ಎಂಜಲು ಕೆಡದಂತೆ ಇಡುವ ದ್ರಾವಣ, ಅಂಟಿಸಲು ಚೀಟಿ, ಹಿಂದಿರುಗಿಸಲು ವಿಳಾಸ ಬರೆದ ಲಕೋಟೆ ಎಲ್ಲವೂ ಇದ್ದವು. ಸೂಚನೆಗಳಲ್ಲಿ ಒಂದೇ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಮೂವತ್ತೆರಡು ವರ್ಷ ಕರಡು ತಿದ್ದಿ ಬದುಕಿದವಳು ನಾನು, ಮೊದಲು ನೋಡುವುದೇ ಅದನ್ನು. ಮಾದರಿ ಕೊಡುವ ಮುಂಚೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಓದುವ ಹೊತ್ತಿಗೆ ನಾನು ರಕ್ತದೊತ್ತಡದ ಗುಳಿಗೆ ನುಂಗಿ ಒಂದು ಲೋಟ ನೀರು ಕುಡಿದಾಗಿತ್ತು. ಅಷ್ಟಕ್ಕೆ ಏನಾಗುತ್ತದೆ ಎಂದುಕೊಂಡು ಗೆರೆ ಮುಟ್ಟುವವರೆಗೆ ಉಗುಳಿ ಕಳುಹಿಸಿದೆ. ಈ ಗುಳಿಗೆಯ ವಿಷಯ ನೆನಪಿರಲಿ.

ಆರು ವಾರ ಎಂದಿದ್ದರು, ಐದನೆಯ ವಾರಕ್ಕೇ ವರದಿ ಬಂತು.

ಪ್ರದೇಶಗಳ ಭಾಗದಲ್ಲಿ ಅಚ್ಚರಿಯೇನೂ ಇರಲಿಲ್ಲ. ಅಲ್ಲಿ ನನಗೆ ಹಿಡಿಸಿದ್ದು ನಿಯಾಂಡರ್ತಾಲ್ ಪುಟ, ಎಂದೋ ಅಳಿದುಹೋದ ನಮ್ಮ ದಾಯಾದಿ ಮಾನವರದು. ಆಫ್ರಿಕಾದ ಹೊರಗೆ ನೆಲೆಸಿದ ಎಲ್ಲ ಜನರಲ್ಲೂ ಶೇಕಡ ಒಂದೆರಡರಷ್ಟು ನಿಯಾಂಡರ್ತಾಲ್ ಅಂಶ ಉಳಿದಿದೆ ಎಂಬುದು 2010ರಲ್ಲಿ ತಳಿವಿಜ್ಞಾನಿ ಸ್ವಾಂಟೆ ಪಾಬೊ ಅವರ ತಂಡದಿಂದ ತಿಳಿದುಬಂದ ಸಂಗತಿ. 2022ರ ನೊಬೆಲ್ ಅವರಿಗೆ ಸಂದದ್ದು ಇಂಥ ಕೆಲಸಕ್ಕಾಗಿಯೇ. ಆ ಪುಟವನ್ನು ಬರೆದವರು ವಿಷಯ ಬಲ್ಲವರು. ಅಸ್ಥಿಪಂಜರಗಳ ಭಾಗ ಸುಮಾರಾಗಿದೆ. ನಿಮಗೂ ಸಾವಿರಾರು ವರ್ಷ ಹಿಂದಿನ ಒಬ್ಬ ಮನುಷ್ಯನಿಗೂ ಹೊಂದುವ ಡಿಎನ್‌ಎ ಅಕ್ಷರಗಳು ನಿಮ್ಮ ಬೀದಿಯ ಎಲ್ಲರಿಗೂ ಹೆಚ್ಚು ಕಡಿಮೆ ಅಷ್ಟೇ ಹೊಂದುತ್ತವೆ ಎಂಬುದನ್ನು ಅವರು ಎಲ್ಲಿಯೂ ಹೇಳುವುದಿಲ್ಲ.

ಇನ್ನು ತಾರಾಮೂಲ. ನುಣುಪಾದ ಹದಿನಾಲ್ಕು ಪುಟಗಳು, ಕಪ್ಪು ಹಿನ್ನೆಲೆ, ನಡುವೆ ಬೆಳ್ಳಿಯ ಬಣ್ಣದಲ್ಲಿ 2.3. "ನಿಮ್ಮ ವಂಶವಾಹಿಯ ಇಷ್ಟು ಭಾಗ ಯಾವ ತಿಳಿದ ಮಾನವ ಮೂಲಕ್ಕೂ ಹೊಂದುವುದಿಲ್ಲ" ಎಂಬ ಸಾಲು. ಸುತ್ತಲೂ ಬುರುಡೆಗಳ ಚಿತ್ರಗಳು.

ವರದಿಯ ಜೊತೆಗೆ ಕಚ್ಚಾ ಮಾಹಿತಿಯ ಕಡತವನ್ನೂ ಇಳಿಸಿಕೊಳ್ಳಬಹುದು. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ನಾನು ತೆರೆದೆ. ಆರು ಲಕ್ಷಕ್ಕೂ ಮೀರಿದ ಸಾಲುಗಳು, ಪ್ರತಿ ಸಾಲಿನಲ್ಲೂ ಒಂದು ಸ್ಥಾನದ ಗುರುತು, ಅದರ ಮುಂದೆ ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಲ್ಲಿ ಎರಡು ಅಕ್ಷರ. ಅಲ್ಲಲ್ಲಿ ಅಕ್ಷರಗಳ ಬದಲು ಎರಡು ಅಡ್ಡಗೆರೆ. ಅಡ್ಡಗೆರೆ ಎಂದರೆ ಯಂತ್ರಕ್ಕೆ ಅಲ್ಲಿ ಓದಲಾಗಲಿಲ್ಲ ಎಂದು ಅರ್ಥ. ಕಂಪ್ಯೂಟರಿಗೆ ಆ ಸಾಲುಗಳನ್ನು ಎಣಿಸಲು ಹೇಳಿ ಶೇಕಡಾವಾರು ತೆಗೆದೆ. 2.3 ಬಂತು.

ಹಳಗನ್ನಡ ಕಾವ್ಯಗಳ ಕರಡು ತಿದ್ದುವಾಗ ನಾವು ದಿನಕ್ಕೆ ಹತ್ತು ಸಲ ಬಳಸುತ್ತಿದ್ದ ಎರಡು ಮಾತುಗಳಿವೆ. ಓಲೆಗರಿ ಮುರಿದೋ ಹುಳು ತಿಂದೋ ಅಕ್ಷರ ಇಲ್ಲವಾಗಿದ್ದರೆ ಅದು ಗ್ರಂಥಪಾತ, ಅಲ್ಲಿ ಚುಕ್ಕಿ ಇಟ್ಟು ಮುಂದೆ ಹೋಗುತ್ತೇವೆ. ಅಕ್ಷರ ಸ್ಪಷ್ಟವಾಗಿಯೇ ಇದ್ದು ಬೇರೆ ಪ್ರತಿಗಿಂತ ಭಿನ್ನವಾಗಿದ್ದರೆ ಅದು ಪಾಠಾಂತರ. ಯಾವ ಪ್ರತಿ ಯಾವ ಪ್ರತಿಯಿಂದ ಹುಟ್ಟಿತು ಎಂದು ಹೇಳುವುದು ಪಾಠಾಂತರ. ಗ್ರಂಥಪಾತ ಹೇಳುವುದು ಹುಳುವಿನ ಹಸಿವನ್ನು ಮಾತ್ರ. ಈ ಕಂಪನಿ ನನ್ನ ಗ್ರಂಥಪಾತಗಳನ್ನು ಎಣಿಸಿ, ಅಳಿದ ಅಕ್ಷರಗಳನ್ನು ಬರೆದವನು ಬೇರೆ ಗ್ರಹದವನು ಎಂದು ಹೇಳಿಬಿಟ್ಟಿತ್ತು.

ಈ ಬಗೆಯ ಪರೀಕ್ಷೆಗೆ ಹೊಸದೇನನ್ನಾದರೂ ಕಂಡುಹಿಡಿಯುವ ಶಕ್ತಿಯೇ ಇಲ್ಲ. ಅದು ಇಡೀ ಗ್ರಂಥವನ್ನು ಓದುವುದಿಲ್ಲ. ಮನುಷ್ಯರಲ್ಲಿ ವ್ಯತ್ಯಾಸ ಕಾಣುತ್ತದೆಂದು ಮೊದಲೇ ಗೊತ್ತಿರುವ ಆರೇಳು ಲಕ್ಷ ಸ್ಥಾನಗಳಿಗೆ ಒಂದೊಂದು ಗಾಳ ಹಾಕಿ ಕೂತಿರುತ್ತದೆ. ಒಟ್ಟು ಅಕ್ಷರಗಳು ಮುನ್ನೂರು ಕೋಟಿ. ನನ್ನೊಳಗೆ ನಿಜಕ್ಕೂ ಒಬ್ಬ ಅನ್ಯಗ್ರಹದ ಮುತ್ತಜ್ಜ ಅಡಗಿ ಕೂತಿದ್ದರೆ ಅವನನ್ನು ಹಿಡಿಯುವ ಗಾಳ ಆ ಪರೀಕ್ಷೆಯ ಚಿಪ್‌ನ ಮೇಲೆ ಇಲ್ಲವೇ ಇಲ್ಲ.

ಅಪರಿಚಿತ ವಂಶವೊಂದು ನಿಜವಾಗಿ ಸಿಕ್ಕಾಗ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಸೈಬೀರಿಯಾದ ಡೆನಿಸೊವಾ ಗುಹೆಯಲ್ಲಿ ಸಿಕ್ಕಿದ್ದು ಕಿರುಬೆರಳಿನ ಮೂಳೆಯ ಚೂರು. 2010ರಲ್ಲಿ ಅದರ ಮೈಟೋಕಾಂಡ್ರಿಯದ, ಅಂದರೆ ತಾಯಿಯಿಂದ ಮಾತ್ರ ಬರುವ ಡಿಎನ್‌ಎಯ, ಹದಿನಾರೂವರೆ ಸಾವಿರ ಅಕ್ಷರಗಳನ್ನು ಓದಿದರು. ಅದೇ ಅಕ್ಷರಮಾಲೆಯಲ್ಲಿ ನಿಯಾಂಡರ್ತಾಲರು ನಮಗಿಂತ ಸರಾಸರಿ 202 ಸ್ಥಾನಗಳಲ್ಲಿ ಭಿನ್ನ. ಈ ಮೂಳೆಯ ಒಡತಿ 385 ಸ್ಥಾನಗಳಲ್ಲಿ ಭಿನ್ನ. ಒಂದೊಂದೂ ಸ್ಪಷ್ಟವಾಗಿ ಓದಿದ ಅಕ್ಷರ, ಒಂದೊಂದೂ ಪಾಠಾಂತರ. ಯಾರಿಗೂ ಗೊತ್ತಿರದ ಮಾನವ ಶಾಖೆ ಇತ್ತೆಂದು ಜಗತ್ತು ಒಪ್ಪಿದ್ದು ಅದನ್ನು ನೋಡಿ. ಖಾಲಿ ಜಾಗ ತೋರಿಸಿ ಯಾರನ್ನೂ ಒಪ್ಪಿಸಲಿಲ್ಲ.

ತಾರಾಮೂಲದ ಪುಟಗಳಲ್ಲಿ ನನ್ನ "ಬಂಧುಗಳು" ಎಂದು ಅಚ್ಚಾಗಿರುವವರ ಕಥೆಯೂ ಬಹುಪಾಲು ಇದೇ.

ಪೆರುವಿನ ಪರಾಕಾಸ್‌ನ ಉದ್ದ ಬುರುಡೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1920ರ ದಶಕದಲ್ಲಿ ಅಲ್ಲಿನ ಸಮಾಧಿಗಳನ್ನು ಅಗೆದವರು ಪೆರುವಿನವರೇ ಆದ ಹೂಲಿಯೊ ಟೆಲ್ಯೊ. ಎಳೆಯ ಮಕ್ಕಳ ತಲೆಗೆ ಬಟ್ಟೆ ಬಿಗಿದು ಬೇಕಾದ ಆಕಾರ ಕೊಡುವ ರೂಢಿ ಅಲ್ಲಿತ್ತು. ಹೂಣರಲ್ಲೂ ಇತ್ತು, ಫ್ರಾನ್ಸಿನ ತುಲೂಸ್ ಸುತ್ತಮುತ್ತ ತೀರಾ ಈಚಿನವರೆಗೂ ಇತ್ತು. 2014ರಲ್ಲಿ ಆ ಬುರುಡೆಗಳಲ್ಲಿ "ಯಾವ ಮನುಷ್ಯನಲ್ಲೂ ಪ್ರಾಣಿಯಲ್ಲೂ ಇಲ್ಲದ" ಡಿಎನ್‌ಎ ಸಿಕ್ಕಿತೆಂಬ ಸುದ್ದಿ ಹಬ್ಬಿತು. ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧವಲ್ಲ ಅದು, ಬರಿಯ ಘೋಷಣೆ.

"ತಾರಾಶಿಶು" ಎಂದು ಕರೆಯುವ ಮೆಕ್ಸಿಕೊದ ಬುರುಡೆಯ ವಿಚಾರ ಇನ್ನೂ ಸ್ವಾರಸ್ಯದ್ದು. ಅದನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಲಾಯ್ಡ್ ಪೈ. 1999ರಲ್ಲಿ ವ್ಯಾಂಕೂವರ್‌ನ ಪ್ರಯೋಗಾಲಯವೊಂದು ಅದರಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳನ್ನು ಕಂಡಿತು. ಹಾಗಾದರೆ ಅದು ಗಂಡುಮಗು, ವೈ ಕೊಟ್ಟವನು ಮನುಷ್ಯ ತಂದೆ. 2003ರ ಪರೀಕ್ಷೆಯಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎ ಅಮೆರಿಕದ ಮೂಲನಿವಾಸಿಗಳಲ್ಲಿ ಸಾಮಾನ್ಯವಾದ ಸಿ ಗುಂಪಿನದೆಂದು ತಿಳಿಯಿತು. ಹಾಗಾದರೆ ತಾಯಿಯೂ ಮನುಷ್ಯಳೇ. ಆದರೆ ಆ ಸಲ ತಂದೆ ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎ ಕೈಗೆ ಸಿಗಲಿಲ್ಲ. ಕೂಡಲೇ ತಂದೆ ಆಕಾಶದಿಂದ ಇಳಿದವನಾಗಿಬಿಟ್ಟ! "ಸಿಗಲಿಲ್ಲ" ಎಂಬ ಮಾತು "ಬೇರೆಯದು" ಎಂದಾಗಲು ಎಷ್ಟು ಹೊತ್ತು ಬೇಕು?

ಹಳೆಯ ಮೂಳೆಯಲ್ಲಿ ಡಿಎನ್‌ಎ ಸಿಗದಿರುವುದೇ ಸಹಜ. ಸಿಕ್ಕರೂ ಐವತ್ತು ಅರವತ್ತು ಅಕ್ಷರಗಳ ತುಣುಕುಗಳಾಗಿ ಸಿಗುತ್ತದೆ. ತುಣುಕಿನ ಅಂಚುಗಳಲ್ಲಿ ಸಿ ಎಂಬ ಅಕ್ಷರ ಸವೆದು ಯಂತ್ರಕ್ಕೆ ಟಿ ಎಂದು ಕಾಣುತ್ತದೆ. ಓಲೆಗರಿಯ ಅಂಚೂ ಹೀಗೆಯೇ, ಮೊದಲು ಕೆಡುವುದು ಅದು. ಈ ಸವೆತವೇ ಮೂಳೆಯ ವಯಸ್ಸಿಗೆ ಸಾಕ್ಷಿ. ಸವೆತವಿಲ್ಲದ ಉದ್ದುದ್ದ ತುಣುಕು ಸಿಕ್ಕಿದರೆ ಅದು ಮೂಳೆ ಮುಟ್ಟಿದವರ ಬೆವರಿನದೋ ಎಂಜಲಿನದೋ ಎಂದು ಅನುಮಾನಿಸಬೇಕು. ಉಳಿದದ್ದು ಹೆಚ್ಚಿನಂಶ ಮಣ್ಣಿನ ಬ್ಯಾಕ್ಟೀರಿಯಾ. ಪಾಬೊ ತಂಡ ಓದಿದ ನಿಯಾಂಡರ್ತಾಲ್ ಮೂಳೆಗಳಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸೂಕ್ಷ್ಮಜೀವಿಗಳದೇ ಆಗಿತ್ತು. ಜರ್ಮನಿಯ ಪೊಲೀಸರು ಹತ್ತಾರು ಅಪರಾಧಗಳ ಜಾಗದಲ್ಲಿ ಸಿಕ್ಕ ಒಬ್ಬಳೇ ಹೆಂಗಸಿನ ಡಿಎನ್‌ಎ ಬೆನ್ನು ಹತ್ತಿ ವರ್ಷಗಟ್ಟಲೆ ಅಲೆದಿದ್ದರು. 2009ರಲ್ಲಿ ನೋಡಿದರೆ ಅದು ಮಾದರಿ ಒರೆಸುವ ಹತ್ತಿಕಡ್ಡಿಯನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದವಳದು. ಪಾಪ, ಮಾಡಿದ ಕೆಲಸಕ್ಕೆ ಕೊಲೆಗಾರ್ತಿಯ ಪಟ್ಟ.

ಮುಂದಿನ ಪುಟದಲ್ಲಿ ಪೆರುವಿನ ನಾಸ್ಕಾದ ಮೂರು ಬೆರಳಿನ ಒಣದೇಹಗಳು. 2023ರ ಸೆಪ್ಟೆಂಬರ್ 12ರಂದು ಮೆಕ್ಸಿಕೊದ ಪತ್ರಕರ್ತ ಹೈಮೆ ಮೌಸಾನ್ ಇವನ್ನು ಮೆಕ್ಸಿಕೊದ ಸಂಸತ್ತಿಗೇ ಹೊತ್ತು ತಂದರು. ಅವರು ಹೆಸರಿಸಿದ ವಿಶ್ವವಿದ್ಯಾಲಯವು ತಾನು 2017ರಲ್ಲಿ ಮಾಡಿದ್ದು ಇಂಗಾಲದ ಕಾಲಗಣನೆ ಮಾತ್ರ, ಅದು ಯಾರ ದೇಹ ಎಂಬುದರ ಬಗ್ಗೆ ತನ್ನ ತೀರ್ಮಾನ ಏನೂ ಇಲ್ಲ ಎಂದು ಕೈ ತೊಳೆದುಕೊಂಡಿತು. ಬಹಿರಂಗವಾಗಿದ್ದ ಡಿಎನ್‌ಎ ಮಾಹಿತಿಯನ್ನು ಜಾಲಾಡಿದವರಿಗೆ ಒಂದು ಮಾದರಿಯಲ್ಲಿ ಹುರುಳಿಕಾಯಿ ಗಿಡದ ಡಿಎನ್‌ಎ ಸಿಕ್ಕಿತು. ಲಿಮಾ ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಂಡ ಅದೇ ಬಗೆಯ ಬೊಂಬೆಗಳು ಪ್ರಾಣಿ ಮತ್ತು ಮನುಷ್ಯರ ಮೂಳೆಗಳನ್ನು ಈ ಕಾಲದ ಅಂಟಿನಿಂದ ಜೋಡಿಸಿದವು ಎಂದು 2024ರ ಜನವರಿಯಲ್ಲಿ ಪೆರುವಿನ ವಿಧಿವಿಜ್ಞಾನ ತಜ್ಞರು ಹೇಳಿದರು. ಇದನ್ನು ತಮ್ಮನಿಗೆ ಓದಿ ಹೇಳಿದೆ. "ಅವು ಬೇರೆ ಬೊಂಬೆಗಳು ಅಕ್ಕ" ಎಂದ. ಸರಿಯೇ, ಅವು ಬೇರೆಯವು.

ಇಷ್ಟರವರೆಗೆ ನನಗೆ ನಗು ಬರುತ್ತಿತ್ತು. ಹನ್ನೊಂದನೆಯ ಪುಟ ನೋಡಿದ ಮೇಲೆ ನಗಲಾಗಲಿಲ್ಲ.

ಪುಟದ ತುಂಬ "ಆಟಾ". 2003ರಲ್ಲಿ ಚಿಲಿಯ ಅಟಕಾಮ ಮರುಭೂಮಿಯಲ್ಲಿ, ಲಾ ನೋರಿಯ ಎಂಬ ಪಾಳುಬಿದ್ದ ಗಣಿಯೂರಿನಲ್ಲಿ ಸಿಕ್ಕ ಒಣಗಿದ ದೇಹ. ಉದ್ದ ಸುಮಾರು ಹದಿನೈದು ಸೆಂಟಿಮೀಟರ್, ಅಂದರೆ ನನ್ನ ಅಂಗೈ ಮತ್ತು ಬೆರಳು ಸೇರಿದಷ್ಟು. ತಲೆ ಚೂಪು, ಪಕ್ಕೆಲುಬು ಹನ್ನೆರಡರ ಬದಲು ಹತ್ತು ಜೊತೆ. ಕೈಯಿಂದ ಕೈಗೆ ದಾಟಿ ಸ್ಪೇನಿನ ಸಂಗ್ರಹಕಾರನೊಬ್ಬನನ್ನು ಸೇರಿತು. 2013ರಲ್ಲಿ ಸಾಕ್ಷ್ಯಚಿತ್ರವೊಂದು ಅದನ್ನು ಅನ್ಯಲೋಕದ ಜೀವಿಯಿರಬಹುದೆಂದು ಮೆರೆಸಿತು. ಮೊದಲ ಓದಿನಲ್ಲಿ ಸುಮಾರು ಶೇಕಡ 8 ಭಾಗ ಮನುಷ್ಯನಿಗೆ ಹೊಂದಲಿಲ್ಲ, ಮಾದರಿ ಹಾಳಾಗಿದ್ದುದೇ ಅದಕ್ಕೆ ಕಾರಣ. ಮತ್ತೆ ಗ್ರಂಥಪಾತ! ಸ್ಟ್ಯಾನ್‌ಫರ್ಡ್‌ನ ಗ್ಯಾರಿ ನೋಲನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಅದು ಹೆಣ್ಣುಮಗು, ಚಿಲಿಯದೇ ವಂಶದ್ದು, ಕೆಲವೇ ದಶಕಗಳ ಹಿಂದಿನದು. ಮೂಳೆ ಬೆಳೆಯುವ ಬಗೆಯನ್ನು ಕೆಡಿಸುವ ಜೀನ್ ದೋಷಗಳು ಅವಳಲ್ಲಿ ಇದ್ದವೆಂದು ಆ ತಂಡ ಬರೆಯಿತು. ಅದೇ ವರ್ಷ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಿಯಾನ್ ಹಾಲ್ಕ್ರೊ ಮತ್ತು ಇತರರು ಅದನ್ನೂ ತಿದ್ದಿದರು. ದೋಷವೂ ಇಲ್ಲ, ರೋಗವೂ ಇಲ್ಲ, ಅದು ಹದಿನೈದು ಹದಿನಾರು ವಾರಕ್ಕೇ ಗರ್ಭದಿಂದ ಜಾರಿದ ಸಾಮಾನ್ಯ ಭ್ರೂಣ. ಕೊನೆಯ ಪಕ್ಕೆಲುಬುಗಳು ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಎಳೆಯ ತಲೆ ಹೊರಬರುವಾಗ ಹಾಗೆಯೇ ನೀಳವಾಗುತ್ತದೆ.

ಅದರ ತಾಯಿ ಇನ್ನೂ ಬದುಕಿರಲೂಬಹುದು ಎಂಬ ಮಾತನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟೆ. ಆ ದೇಹವನ್ನು ದೇಶದಿಂದ ಹೊರಗೆ ಸಾಗಿಸಿದ್ದನ್ನೂ ಪರೀಕ್ಷಿಸಿದ್ದನ್ನೂ ಚಿಲಿಯ ಸಂಶೋಧಕರು ಸಿಟ್ಟಿನಿಂದಲೇ ಪ್ರಶ್ನಿಸಿದರು. ಪ್ರಶ್ನಿಸದೆ ಇರುವುದು ಹೇಗೆ? ಯಾರದೋ ಕಳೆದುಹೋದ ಕೂಸನ್ನು ಈ ಕಂಪನಿ ನನ್ನ ವರದಿಗೆ ಅಲಂಕಾರವಾಗಿ ಅಚ್ಚು ಹಾಕಿತ್ತು, ಕೆಳಗೆ "ನಿಮ್ಮ ದೂರದ ಬಂಧು?" ಎಂಬ ಅಡಿಬರಹದೊಡನೆ. ಬಂಧುವಾಗಿರಬಹುದು, ಮನುಷ್ಯರೆಲ್ಲ ಬಂಧುಗಳೇ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ನನ್ನ ಕೆಂಪು ಪೆನ್ನು ಕ್ಷಮಿಸುವುದಿಲ್ಲ.

ಗ್ರಾಹಕ ಸೇವೆಗೆ ಎರಡು ಪುಟ ಬರೆದೆ. "ನಿಮ್ಮ ಪಯಣದಲ್ಲಿ ಜೊತೆಯಾಗಲು ಹರ್ಷಿಸುತ್ತೇವೆ" ಎಂದು ಉತ್ತರ ಬಂತು. ಇನ್ನೊಮ್ಮೆ ಬರೆದೆ. ಈ ಸಲ ಮನುಷ್ಯರೇ ಓದಿರಬೇಕು, ಎರಡನೆಯ ಡಬ್ಬಿಯನ್ನು ಉಚಿತವಾಗಿ ಕಳುಹಿಸಿದರು. ಬೆಳಿಗ್ಗೆ ಎದ್ದು ಗುಳಿಗೆ ನೀರು ಯಾವುದನ್ನೂ ಮುಟ್ಟದೆ ಮುಕ್ಕಾಲು ಗಂಟೆ ಕಾದು ನಳಿಕೆ ತುಂಬಿಸಿದೆ. ಐದು ವಾರದ ಬಳಿಕ ಹೊಸ ವರದಿ ಬಂತು. ಅದೇ ಬಾಯಿ, ಅದೇ ವಂಶ, ತಾರಾಮೂಲ ಈಗ ಶೇಕಡ 0.4. ಮೊದಲ ಸಲ ಎಂಜಲು ತೆಳುವಾಗಿ ಡಿಎನ್‌ಎ ಸಾಲದಾಗಿತ್ತು, ಯಂತ್ರಕ್ಕೆ ಓದಲಾಗದ ಸ್ಥಾನಗಳು ಹೆಚ್ಚಿದ್ದವು. ನನ್ನ ಅನ್ಯಗ್ರಹದ ಪೂರ್ವಜರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚಿನವರು ಒಂದು ಲೋಟ ನೀರಿನಲ್ಲಿ ಹುಟ್ಟಿದವರು.

ಪ್ರದೇಶಗಳ ಭಾಗಕ್ಕೆ ಐದರಲ್ಲಿ ಮೂರೂವರೆ, ಅಸ್ಥಿಪಂಜರಗಳಿಗೆ ಎರಡು, ಕಾಗುಣಿತಕ್ಕೆ ಐದಕ್ಕೆ ಐದು. ತಾರಾಮೂಲಕ್ಕೆ ಸೊನ್ನೆ ಕೊಡಲು ಅವರ ನಮೂನೆ ಬಿಡುತ್ತಿಲ್ಲ, ಕನಿಷ್ಠ ಒಂದು ನಕ್ಷತ್ರ ಒತ್ತಲೇಬೇಕಂತೆ. ಅದನ್ನು ಖಾಲಿ ಬಿಟ್ಟಿದ್ದೇನೆ, ಬೇಕಾದರೆ ಅದನ್ನೂ ಎಣಿಸಿಕೊಳ್ಳಲಿ. ಮಾದರಿಯನ್ನು ನಾಶಮಾಡಿ ಮಾಹಿತಿ ಅಳಿಸಲು ಕೋರಿಕೆ ಸಲ್ಲಿಸುವ ಕೊಂಡಿ ಖಾತೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಹುಡುಕಿದರೆ ಸಿಗುತ್ತದೆ, ನಾನು ಬಳಸಿದ್ದೇನೆ.

ತಮ್ಮನಿಗೆ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದ.

"ಹಾಗಾದರೆ ಅಕ್ಕ, ಆ ಉಳಿದ 0.4?"

ಮುಂದಿನ ಸಲ ಒಂದು ಗಂಟೆ ಕಾಯುತ್ತೇನೆ ಎಂದೆ.