ಒಂದೇ ಥಿಂಕ್‌ಪ್ಯಾಡ್, ಮೂರು ಸಂಸಾರ

ಅಟ್ಟದಲ್ಲಿ ಮಲಗಿದ್ದ ಥಿಂಕ್‌ಪ್ಯಾಡ್ ಎಕ್ಸ್200 ಲ್ಯಾಪ್‌ಟಾಪ್ ಕಳೆದ ಆಷಾಢದಲ್ಲಿ ಕೆಳಗಿಳಿಯಿತು. 2008ರ ಮಾದರಿ, 12.1 ಇಂಚಿನ ಪರದೆ, 2 ಜಿಬಿ ರ‍್ಯಾಮ್, ಪೂರ್ತಿ ಸತ್ತ ಬ್ಯಾಟರಿ. ಆದರೆ ಕೀಲಿಮಣೆ ಮಾತ್ರ ಬೆರಳಿಗೆ ಹಬ್ಬ. ಪರದೆಯ ಮೇಲಂಚಿನಲ್ಲಿ ಕೀಲಿಗಳ ಮೇಲೆ ಬೆಳಕು ಚೆಲ್ಲುವ ಪುಟ್ಟ ದೀಪ ಬೇರೆ. ವೈಫೈ ಆರಿಸಲು ಅಂಚಿನಲ್ಲೇ ಒಂದು ಸ್ವಿಚ್ ಇದೆ; ಅದನ್ನು ಆರಿಸಿ, ಇನ್ನು ಇದು ಕತೆ ಬರೆಯಲಷ್ಟೇ ಎಂದುಕೊಂಡೆ. ಯಾವ ತಂತ್ರಾಂಶದಲ್ಲಿ ಬರೆಯಬೇಕೆಂದು ತೀರ್ಮಾನಿಸಲು ಮೂರು ತಿಂಗಳು ಹಿಡಿಯಿತು.

ಮೊದಲು, ಅದರಲ್ಲಿ ಇದ್ದ ವಿಂಡೋಸ್ ಎಕ್ಸ್‌ಪಿ ಮತ್ತು ಕನ್ನಡ ಬೆರಳಚ್ಚಿನ ತಂತ್ರಾಂಶ ನುಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಳ್ಳುನೀರು ಬಿಟ್ಟಿದ್ದರೂ, ನೆಟ್ ಇಲ್ಲದ ಯಂತ್ರಕ್ಕೆ ಅದರಿಂದ ಏನು ಎಂಬ ಧೈರ್ಯ ನನ್ನದು. ಬರೆಯುವುದಕ್ಕೆ ಯಾವ ಕೊರತೆಯೂ ಕಾಣಲಿಲ್ಲ. ನಮ್ಮೂರಿನ ಡಿಟಿಪಿ ಕೇಂದ್ರದವರು ಇಂದಿಗೂ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಟ್ಟಿಲ್ಲ, ನುಡಿ ಕಡತವನ್ನೇ ಕೇಳುತ್ತಾರೆ. ಆದರೆ ಅಲ್ಲಿಗೆ ಹೋಗಿಬಂದ ಪೆನ್‌ಡ್ರೈವ್ ವೈರಸ್ಸನ್ನೂ ಹೊತ್ತು ತಂದಿತು. ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಉಳಿದವು. ಮರೆಯಾಗಿದ್ದವನ್ನು ಹುಡುಕಿ ತೆಗೆಯುವುದರಲ್ಲಿ ಒಂದು ಭಾನುವಾರ ಹೋಯಿತು.

ಅದಕ್ಕಿಂತ ದೊಡ್ಡ ತೊಡಕು ನುಡಿಯ ಆಸ್ಕಿ ಫಾಂಟಿನದು; ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದ ಫಾಂಟ್ ಅದು. ಆ ಫಾಂಟ್ ಇಲ್ಲದ ಕಡೆ ನನ್ನ ಕತೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಎಲ್ಲ ಕಡೆ ಓದಬರುವ ಯೂನಿಕೋಡ್‌ಗೆ ಪರಿವರ್ತಿಸಿದರೆ ಅರ್ಕಾವತ್ತು ಕಾಡುತ್ತದೆ. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕುಳಿತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ‘ಸೂರ್ಯ’, ‘ಕಾರ್ಯ’, ‘ಮರ್ಮ’ ಎಲ್ಲವನ್ನೂ ಒಂದೊಂದಾಗಿ ಕಣ್ಣಾಡಿಸಬೇಕು.

ಎರಡನೆಯದು ಬರೀ ಕಪ್ಪು ಪರದೆ: ಚಿತ್ರವಿಲ್ಲದ ಲಿನಕ್ಸ್ ಕನ್ಸೋಲ್, ಅದರಲ್ಲಿ ವಿಮ್ ಎಂಬ ಬರೆಯುವ ತಂತ್ರಾಂಶ. ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ಹಾಡಿ ಹೊಗಳುತ್ತಾರೆ. ನಮಗೆ ಸಿಕ್ಕಿದ್ದು ಅಕ್ಷರಗಳ ಜಾಗದಲ್ಲಿ ಸಾಲುಸಾಲು ಚೌಕಗಳು. ಆ ಕನ್ಸೋಲ್ ಒಮ್ಮೆಗೆ ಹೆಚ್ಚೆಂದರೆ 512 ಆಕಾರಗಳನ್ನು ಇಟ್ಟುಕೊಳ್ಳುತ್ತದೆ, ಒಂದೊಂದನ್ನೂ ಒಂದೇ ಅಳತೆಯ ಮನೆಯಲ್ಲಿ ಕೂರಿಸುತ್ತದೆ; ಒತ್ತಕ್ಷರವನ್ನು ಕೆಳಗೆ ಇಳಿಸುವ ವಿದ್ಯೆ ಅದಕ್ಕಿಲ್ಲ. ಅರ್ಧ ದಿನದಲ್ಲಿ ಕೈಬಿಟ್ಟೆ.

ಮೂರನೆಯದು ಡೆಬಿಯನ್ ಎಂಬ ಲಿನಕ್ಸ್, ಅದರ ಮೇಲೆ ಹಗುರವಾದ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಮತ್ತು ಬರವಣಿಗೆಯ ತಂತ್ರಾಂಶ ಫೋಕಸ್‌ರೈಟರ್. ಒಮ್ಮೆ ಮಾತ್ರ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಬೇಕಾದ್ದನ್ನೆಲ್ಲ ಇಳಿಸಿಕೊಂಡೆ. ಬೇರೆ ಬೇರೆ ಭಾಷೆಗಳಲ್ಲಿ ಕೀಲಿಸಲು ನೆರವಾಗುವ ಐಬಸ್‌ನಲ್ಲಿ ನುಡಿಯದೇ ಆದ ಕೆಜಿಪಿ ಕೀಲಿವಿನ್ಯಾಸ ಸಿಗುತ್ತದೆ. ಅರ್ಧಾಕ್ಷರಕ್ಕೆ ಅದೇ ‘ಎಫ್’ ಕೀಲಿ, ಹಾಗಾಗಿ ನುಡಿಗೆ ಪಳಗಿದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಪರದೆ ತುಂಬ ಬರೀ ಹಾಳೆ. ಒತ್ತಕ್ಷರಗಳು ಕೆಳಸಾಲಿನ ತಲೆಗೆ ತಾಗುತ್ತಿದ್ದುದರಿಂದ ಸಾಲುಗಳ ಅಂತರ ಹೆಚ್ಚಿಸಿದೆ. ಕನ್ನಡ ಕಾಗುಣಿತ ಪರೀಕ್ಷಕವನ್ನು ಹಾಕಿ ನೋಡಿದೆ. ‘ಮನೆಯವರಿಗಾದರೂ’ ಎಂಬಂಥ ಪದ ಕಂಡರೆ ಸಾಕು, ಕೆಂಪು ಗೆರೆ. ವಿಭಕ್ತಿಯ ಮೇಲೆ ಪ್ರತ್ಯಯ ಪೇರಿಸುವ ಭಾಷೆಗೆ ಇಂಥ ಪದಪಟ್ಟಿ ಎಲ್ಲಿ ಸಾಲುತ್ತದೆ? ಪರೀಕ್ಷಕವನ್ನೇ ನಿಲ್ಲಿಸಿಬಿಟ್ಟೆ.

ಇಲ್ಲೂ ಒಂದು ಪೇಚು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿಯೂ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಾಕು ಎಂದು ಯಂತ್ರ ಹಟ ಹಿಡಿಯುತ್ತಿತ್ತು. ನೆಟ್ ಇಲ್ಲದ್ದರಿಂದ ತಾನಾಗಿ ಸರಿಪಡಿಸಿಕೊಳ್ಳುವಂತೆಯೂ ಇಲ್ಲ. ಒಮ್ಮೆ ಬೇಸರದಿಂದ ಹಿಂದಿನ ದಿನದ ತಾರೀಖನ್ನೇ ಒತ್ತಿದೆ. ಫೋಕಸ್‌ರೈಟರ್ ಎರಡು ದಿನದ ಬರಹವನ್ನು ಒಂದೇ ದಿನದ ಲೆಕ್ಕಕ್ಕೆ ಹಾಕಿ, ಗುರಿ ಮೀರಿದ್ದೇನೆಂದು ತೋರಿಸಿತು. ಆ ಬ್ಯಾಟರಿಯನ್ನು ಮರುದಿನವೇ ಬದಲಿಸಿದೆ. ದೊಡ್ಡ ಬ್ಯಾಟರಿಗೆ ಇನ್ನೂ ದುಡ್ಡು ಹಾಕಿಲ್ಲ, ಗೋಡೆಯ ಪ್ಲಗ್ ಪಕ್ಕದಲ್ಲೇ ನನ್ನ ಕುರ್ಚಿ.

ಈಗ ಎಕ್ಸ್‌ಪಿಯನ್ನು ಅಳಿಸಿ ಡೆಬಿಯನ್‌ನಲ್ಲೇ ನೆಲೆಸಿದ್ದೇನೆ. ಡಿಟಿಪಿಗೆ ಕೊಡುವ ದಿನ ಮಾತ್ರ ಮಗಳ ಕಂಪ್ಯೂಟರಿನಲ್ಲಿ ಯೂನಿಕೋಡ್‌ನಿಂದ ನುಡಿಗೆ ತಿರುಗಿಸಿ, ಮುದ್ರಿಸಿ, ಪೆನ್ನು ಹಿಡಿದು ಕೂರುತ್ತೇನೆ. ಕಳೆದ ಬಾರಿ ಪರಿವರ್ತನೆಯ ತಪ್ಪು ಮೂರು ಸಿಕ್ಕವು. ನನ್ನವು ಹನ್ನೊಂದು.