ಹೆಗಲಿಗೆ ಚುಚ್ಚಿದ ಸೂಜಿ ಶ್ವಾಸಕೋಶಕ್ಕೆ ತಗುಲಿತು

ಕುತ್ತಿಗೆ, ಹೆಗಲು, ಬೆನ್ನಿನ ನೋವಿಗೆ ಡ್ರೈ ನೀಡ್ಲಿಂಗ್ (ಸ್ನಾಯುವಿಗೆ ಬರೀ ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಿಕೊಳ್ಳಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಹೋಗಿ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ ಬರುವಷ್ಟರಲ್ಲಿ ಬಲ ಹೆಗಲು ಕಲ್ಲಾಗಿತ್ತು. ಕತ್ತು ತಿರುಗಿಸಿದರೆ ಕಿವಿಯ ಹಿಂದಿನವರೆಗೂ ಸೆಳೆತ. ಸಹೋದ್ಯೋಗಿಯೊಬ್ಬರ ಮಾತು ಕೇಳಿ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಐದು ಸಲದ ಹಣವನ್ನು ಮೊದಲೇ ಕಟ್ಟಿಸಿಕೊಂಡರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಉಸಿರಾಟದ ತೊಂದರೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಅಪಾಯ ಎಂಬ ಪದವೇ ಅಲ್ಲಿ ಕೇಳಿಬರಲಿಲ್ಲ.

ಈ ಸೂಜಿಯಲ್ಲಿ ಔಷಧ ಇರುವುದಿಲ್ಲ. ದಪ್ಪ ಸುಮಾರು 0.3 ಮಿಲಿಮೀಟರ್. ಸ್ನಾಯುವಿನಲ್ಲಿ ಬಿಗಿದುಕೊಂಡಿರುವ ಗಂಟನ್ನು ಹುಡುಕಿ ಚುಚ್ಚುತ್ತಾರೆ, ಅದನ್ನು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಸರಿಯಾದ ಜಾಗಕ್ಕೆ ತಾಗಿದರೆ ಸ್ನಾಯು ತಾನಾಗಿಯೇ ಒಮ್ಮೆ ಅದುರುತ್ತದೆ. ಮೊದಲ ಎರಡು ಸೂಜಿಗಳಿಗೆ ಹಾಗೆಯೇ ಆಯಿತು. ಮೂರನೆಯದನ್ನು ಸೂಜಿ ಹಾಕುತ್ತಿದ್ದ ಹುಡುಗ ಹೆಗಲ ಮೇಲಿನಿಂದ ನೇರವಾಗಿ ಕೆಳಕ್ಕೆ ಇಳಿಸಿದ. ಒಳಗೆಲ್ಲೋ ಚಳಕ್ಕೆಂದಿತು, ತಕ್ಷಣ ಒಣ ಕೆಮ್ಮು ಬಂತು. “ಏನೂ ಇಲ್ಲ ಮೇಡಂ, ಸೂಜಿ ನೋವು ಎರಡು ದಿನ ಇರುತ್ತದೆ, ಐಸ್ ಇಡಿ” ಎಂದ.

ನಾನು ನಂಬಿದೆ. ಸಂಜೆ ಮನೆಯ ಮಹಡಿ ಹತ್ತುವಾಗ ಎಂಟನೇ ಮೆಟ್ಟಿಲಿಗೆ ಏದುಸಿರು. ಆಳವಾಗಿ ಉಸಿರೆಳೆದರೆ ಬಲ ಎದೆಯಲ್ಲಿ ಚುಚ್ಚುವ ನೋವು. ರಾತ್ರಿ ಮಲಗಲಾಗದೆ ದಿಂಬಿಗೆ ಒರಗಿ ಕುಳಿತೆ. ಬೆಳಿಗ್ಗೆ ಯಜಮಾನರು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೂದಲೆಳೆಯಂಥ ಒಂದು ಗೆರೆಯ ಮೇಲೆ ಬೆರಳಾಡಿಸಿದರು. ಗೆರೆಯ ಒಳಗೆ ಶ್ವಾಸಕೋಶದ ನವಿರಾದ ಎಳೆಗಳು, ಆಚೆ ಬರೀ ಕಪ್ಪು. ಆ ಕಪ್ಪೆಲ್ಲ ಗಾಳಿ. ಸೂಜಿಯ ರಂಧ್ರದಿಂದ ಸೋರಿದ ಗಾಳಿ ಎದೆಗೂಡಿನೊಳಗೆ ಸೇರಿ ಶ್ವಾಸಕೋಶವನ್ನು ಒತ್ತಿತ್ತು. ಇದಕ್ಕೆ ನ್ಯುಮೊಥೊರಾಕ್ಸ್ ಎನ್ನುತ್ತಾರೆ. ಎದೆಗೆ ಕೊಳವೆ ಹಾಕುವ ಹಂತಕ್ಕೆ ಹೋಗಲಿಲ್ಲ. ಆಮ್ಲಜನಕ ಕೊಟ್ಟು ಎರಡು ದಿನ ಇರಿಸಿಕೊಂಡರು. ಪೂರ್ತಿ ವಾಸಿಯಾಗುವವರೆಗೆ ವಿಮಾನ ಹತ್ತಬಾರದು ಎಂದರು.

ಶ್ವಾಸಕೋಶದ ತುದಿ ಕಾಲರ್ ಮೂಳೆಗಿಂತಲೂ ಎರಡು ಮೂರು ಸೆಂಟಿಮೀಟರ್ ಮೇಲಕ್ಕಿರುತ್ತದೆ ಎಂದು ನನಗೆ ತಿಳಿದದ್ದು ಅಂದೇ. ನನ್ನಂತೆ ತೆಳ್ಳಗಿರುವವರಲ್ಲಿ ಸೂಜಿಗೂ ಅದಕ್ಕೂ ನಡುವೆ ಇರುವ ಮಾಂಸ ಅಷ್ಟಕ್ಕಷ್ಟೆ. ಬಲ್ಲವರು ಹೆಗಲ ಸ್ನಾಯುವನ್ನು ಬೆರಳುಗಳ ನಡುವೆ ಹಿಡಿದು ಮೇಲೆತ್ತಿ, ಆ ಹಿಡಿತದೊಳಗೇ ಸೂಜಿ ಹಾಕುತ್ತಾರೆ. ನನ್ನ ಹೆಗಲನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಇಂಥ ಪೆಟ್ಟು ಅಪರೂಪ, ನಿಜ. ಆದರೆ ಅಪರೂಪ ಎಂಬ ಕಾರಣಕ್ಕೆ ಹೇಳದೇ ಇರುವುದು ತಪ್ಪು. ಹೇಳಿದ್ದರೆ ಅಂದು ಸಂಜೆಯೇ ಆಸ್ಪತ್ರೆಗೆ ಹೋಗುತ್ತಿದ್ದೆ.

ಈ ಚಿಕಿತ್ಸೆಯಿಂದ ನೋವು ಕಡಿಮೆಯಾದವರನ್ನು ನಾನೂ ಬಲ್ಲೆ. ಮಾಡಿಸಿಕೊಳ್ಳುವುದಾದರೆ ಸೂಜಿ ಹಾಕುವವರು ಎಲ್ಲಿ ಕಲಿತರು, ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ ಎಂದು ಸಂಕೋಚಪಡದೆ ಕೇಳಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಹೆಗಲು, ಪಕ್ಕೆಲುಬು, ಬೆನ್ನಿನ ಮೇಲ್ಭಾಗಕ್ಕೆ ಚುಚ್ಚುವಾಗ ಶ್ವಾಸಕೋಶಕ್ಕೆ ತಗುಲದಂತೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಎದ್ದು ಬನ್ನಿ.

ಚಿಕಿತ್ಸೆಯ ನಂತರ ಕೆಮ್ಮು, ಎದೆನೋವು, ಏದುಸಿರು ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯಬೇಡಿ. ತೊಂದರೆ ಹಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಮೊದಲು ನನ್ನ ಇಸಿಜಿ ತೆಗೆದು, ಹೃದಯ ಸರಿಯಾಗಿದೆ, ಗ್ಯಾಸ್ ಇರಬೇಕು ಎಂದಿದ್ದರು. ಸೂಜಿಯ ವಿಷಯ ಯಜಮಾನರು ಬಾಯಿಬಿಟ್ಟ ಮೇಲೆಯೇ ಎಕ್ಸ್‌ರೇಗೆ ಬರೆದುಕೊಟ್ಟದ್ದು. ಹಾಗಾಗಿ ಸೂಜಿ ಯಾವ ಜಾಗಕ್ಕೆ, ಎಷ್ಟು ಹೊತ್ತಿಗೆ ಹಾಕಿದರು ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.